ಸ್ಕ್ಯಾನ್ ಚಿತ್ರ ಅಸಲಿಯೆಂದು ತೋರಿಸಲು ಅದರೊಳಗೇ ಗುರುತು ಅಡಗಿಸಿದರೆ, ಚಿತ್ರವೇ ಬದಲಾಗುವುದಿಲ್ಲವೇ?

ಬದಲಾಗುತ್ತದೆ. ಆದರೆ ಗುರುತನ್ನು ಹೊರತೆಗೆದ ಕೂಡಲೇ ಪ್ರತಿಯೊಂದು ಪಿಕ್ಸೆಲ್ಲೂ ಮೊದಲಿದ್ದ ಬೆಲೆಗೇ, ಅಂದರೆ ತನ್ನ ಹೊಳಪಿನ ಸಂಖ್ಯೆಗೇ, ಮರಳುವಂತೆ ಅಡಗಿಸುವ ವಿಧಾನಗಳಿವೆ. ಒಂದೇ ಒಂದು ಬಿಟ್ (0 ಅಥವಾ 1 ಎಂಬ ಅತಿ ಚಿಕ್ಕ ಮಾಹಿತಿ) ಕೂಡ ಆಚೀಚೆ ಆಗುವುದಿಲ್ಲ. ವೈದ್ಯರು ರೋಗ ನಿರ್ಧರಿಸಬೇಕಾದದ್ದು ಹಾಗೆ ಮರಳಿ ಪಡೆದ ಚಿತ್ರವನ್ನು ನೋಡಿ.

ನಾನು ಇದನ್ನು ವಿವರಿಸುವಾಗ ಯಾವಾಗಲೂ ಹಿಸ್ಟೋಗ್ರಾಂ (ಯಾವ ಬೆಲೆಯ ಪಿಕ್ಸೆಲ್‌ಗಳು ಎಷ್ಟಿವೆ ಎಂಬ ಲೆಕ್ಕ) ಸರಿಸುವ ವಿಧಾನದಿಂದ ಶುರುಮಾಡುತ್ತೇನೆ. ಕಾಗದದ ಮೇಲೆಯೇ ಮಾಡಿ ನೋಡಬಹುದು. ಝಿಚೆಂಗ್ ನಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ್ದು. 8 ಬಿಟ್‌ನ, ಅಂದರೆ ಪಿಕ್ಸೆಲ್ ಬೆಲೆ 0ಯಿಂದ 255ರವರೆಗೆ ಇರುವ, ಒಂದು ಚಿತ್ರದಲ್ಲಿ 100 ಎಂಬ ಬೆಲೆಯ ಪಿಕ್ಸೆಲ್‌ಗಳು ಎಲ್ಲಕ್ಕಿಂತ ಹೆಚ್ಚಿವೆ, 180 ಬೆಲೆಯದು ಒಂದೂ ಇಲ್ಲ ಎಂದುಕೊಳ್ಳಿ. 101ರಿಂದ 179ರವರೆಗಿನ ಎಲ್ಲವನ್ನೂ ಒಂದೊಂದು ಏರಿಸಿ. ಈಗ 101 ಖಾಲಿಯಾಯಿತು. ಚಿತ್ರವನ್ನು ಸಾಲುಸಾಲಾಗಿ ಓದುತ್ತ ಹೋಗಿ, 100 ಸಿಕ್ಕಾಗಲೆಲ್ಲ ಅಡಗಿಸಬೇಕಾದ ಬಿಟ್ 0 ಆದರೆ ಹಾಗೇ ಬಿಡಿ, 1 ಆದರೆ 101 ಮಾಡಿ. ತೆಗೆಯುವಾಗ 100 ಕಂಡರೆ 0, 101 ಕಂಡರೆ 1. ಆಮೇಲೆ 101ರಿಂದ 180ರವರೆಗಿನ ಎಲ್ಲವನ್ನೂ ಒಂದೊಂದು ಇಳಿಸಿದರೆ ಮೂಲ ಚಿತ್ರ ಕೈಗೆ ಬಂತು. ಓದುವವರಿಗೆ 100 ಮತ್ತು 180 ಎಂಬ ಎರಡು ಸಂಖ್ಯೆ ಗೊತ್ತಿದ್ದರೆ ಸಾಕು. ಯಾವ ಪಿಕ್ಸೆಲ್ಲೂ ಒಂದಕ್ಕಿಂತ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಪಿಎಸ್‌ಎನ್‌ಆರ್ (ಚಿತ್ರ ಮೂಲಕ್ಕೆ ಎಷ್ಟು ಹತ್ತಿರ ಎಂಬ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು) 48.13 ಡೆಸಿಬೆಲ್‌ಗಿಂತ ಕೆಳಗಿಳಿಯದು. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಸಿಟಿ ಚಿತ್ರದಲ್ಲಿ ದೇಹದ ಸುತ್ತ ಕಪ್ಪು ಭಾಗವೇ ಬಹಳವಿರುವುದರಿಂದ ಹೀಗೆ ಬಹಳ ಪಿಕ್ಸೆಲ್‌ಗಳಿರುವ ಬೆಲೆ ಹುಡುಕುವುದು ಕಷ್ಟವಲ್ಲ.

2003ರಲ್ಲಿ ಜುನ್ ಟಿಯಾನ್ ಕೊಟ್ಟ ವಿಧಾನ ಬೇರೆ: ಜೋಡಿ ಪಿಕ್ಸೆಲ್‌ಗಳ ವ್ಯತ್ಯಾಸವನ್ನು ದುಪ್ಪಟ್ಟು ಮಾಡಿ, ಆಗ ಸಿಗುವ ಜಾಗದಲ್ಲಿ ಒಂದು ಬಿಟ್ ಇಡುವುದು. ಹೆಚ್ಚು ಮಾಹಿತಿ ಹಿಡಿಸುತ್ತದೆ, ಚಿತ್ರವೂ ಹೆಚ್ಚು ಕದಲುತ್ತದೆ. ನಿಮಗೆ ಬೇಕಿರುವುದು 256 ಬಿಟ್‌ನ ಹ್ಯಾಶ್ (ಇಡೀ ಚಿತ್ರದಿಂದ ಲೆಕ್ಕ ಹಾಕಿದ, ಚಿತ್ರ ಚೂರು ಬದಲಾದರೂ ಬದಲಾಗುವ ಗುರುತು ಸಂಖ್ಯೆ) ಮಾತ್ರ, ಆದ್ದರಿಂದ ಮೊದಲನೆಯದೇ ಸಾಕು.

ಇನ್ನು ಅಸಲಿಯತ್ತಿನ ಮಾತು. ಮೂಲ ಚಿತ್ರದ ಹ್ಯಾಶ್ ತೆಗೆದು, ಅದನ್ನು ಅದೇ ಚಿತ್ರದಲ್ಲಿ ಅಡಗಿಸುತ್ತೀರಿ. ಪರೀಕ್ಷಿಸುವವರು ಹ್ಯಾಶ್ ಹೊರತೆಗೆದು, ಚಿತ್ರವನ್ನು ಮೊದಲಿನಂತೆ ಮಾಡಿ, ಮತ್ತೆ ಲೆಕ್ಕ ಹಾಕಿ ಎರಡನ್ನೂ ಹೋಲಿಸುತ್ತಾರೆ. ನಡುವೆ ಯಾರಾದರೂ ಕೈಯಾಡಿಸಿದ್ದರೆ ತಾಳೆಯಾಗುವುದಿಲ್ಲ. ಆದರೆ ಬರೀ ಹ್ಯಾಶ್ ಇಟ್ಟರೆ ಕಾವಲು ಇಲ್ಲದಂತೆಯೇ, ದಯವಿಟ್ಟು ಇದನ್ನು ಮರೆಯಬೇಡಿ: ವಿಧಾನ ಬಲ್ಲವನು ಚಿತ್ರ ತಿದ್ದಿ, ಹೊಸ ಹ್ಯಾಶ್ ತೆಗೆದು, ಅದನ್ನೇ ತುಂಬಿಬಿಡಬಹುದು. ರಹಸ್ಯ ಕೀಲಿ ಇದ್ದವರು ಮಾತ್ರ ಮಾಡಬಲ್ಲ ಹ್ಯಾಶ್ ಅಥವಾ ಡಿಜಿಟಲ್ ಸಹಿಯೇ ಬೇಕು. ಇದು ಅತಿಯಾದ ಎಚ್ಚರಿಕೆಯಲ್ಲ. ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಸಿಟಿ ಸ್ಕ್ಯಾನ್‌ಗಳಲ್ಲಿ ಶ್ವಾಸಕೋಶದ ಗಂಟುಗಳನ್ನು ಕೃತಕವಾಗಿ ಸೇರಿಸಿ, ಕೆಲವಲ್ಲಿ ಅಳಿಸಿ, ಅನುಭವಿ ರೇಡಿಯಾಲಜಿಸ್ಟ್‌ಗಳೂ ಮೋಸಹೋಗುವುದನ್ನು ತೋರಿಸಿದರು.

ಈ ಗುರುತು ಬಹಳ ಸೂಕ್ಷ್ಮ. ವಾಟ್ಸ್ಯಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಜೆಪೆಗ್ ಸಂಕುಚನದಲ್ಲೇ ಅಳಿಸಿಹೋಗುತ್ತದೆ, ಅಂಚು ಕತ್ತರಿಸಿದರೂ ಅಷ್ಟೇ. ಎಲ್ಲಿ ತಿದ್ದಿದ್ದಾರೆ ಎಂಬುದನ್ನೂ ಒಂದೇ ಹ್ಯಾಶ್ ಹೇಳದು. ಅದಕ್ಕೆ ಚಿತ್ರವನ್ನು ತುಂಡುಗಳಾಗಿ ವಿಂಗಡಿಸಿ ಒಂದೊಂದಕ್ಕೂ ಬೇರೆ ಗುರುತು ಇಡಬೇಕು.

ನಿಮ್ಮ ಚಿತ್ರಗಳು ಆಸ್ಪತ್ರೆಯೊಳಗೇ ಡೈಕಾಮ್ (ವೈದ್ಯಕೀಯ ಚಿತ್ರಗಳ ಮಾನದಂಡ) ಕಡತಗಳಾಗಿ ಓಡಾಡುವುದಾದರೆ, ಕಡತದಲ್ಲೇ ಡಿಜಿಟಲ್ ಸಹಿ ಇಡುವ ವ್ಯವಸ್ಥೆ ಆ ಮಾನದಂಡದಲ್ಲಿದೆ. ಅದನ್ನೇ ಬಳಸಿ ಎನ್ನುತ್ತೇನೆ. ಬೇರೆ ಸ್ವರೂಪಕ್ಕೆ ಬದಲಿಸುವಾಗ ಆ ಸಹಿ ಕಳಚಿಹೋಗುವ ಭಯವಿದ್ದರೆ, ಹೊಸ ಸ್ವರೂಪವೂ ಪಿಕ್ಸೆಲ್ ಬೆಲೆಗಳನ್ನು ಹಾಗೇ ಉಳಿಸುವಂಥದ್ದಾಗಿದ್ದರೆ, ಆಗ ಪಿಕ್ಸೆಲ್‌ಗಳಲ್ಲಿ ಅಡಗಿಸಿ.