ಅಧಿಕಾರಿಯ ಆಸ್ತಿ ವಿವರವನ್ನು ಮಾಹಿತಿ ಹಕ್ಕಿನಡಿ ಪಡೆಯಬಹುದೇ?

2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂ, ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ ಅಥವಾ ಖಾಸಗಿತನಕ್ಕೆ ಅನಗತ್ಯವಾಗಿ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ನಿರಾಕರಿಸಲು ಅವಕಾಶ ನೀಡಿತ್ತು. 2012ರ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಧಿಕಾರಿಯ ಆಸ್ತಿ ವಿವರ, ಆದಾಯ ತೆರಿಗೆ ವಿವರಪತ್ರ ಮತ್ತು ಅವರಿಗೆ ನೀಡಲಾದ ಮೆಮೊಗಳೂ ವೈಯಕ್ತಿಕ ಮಾಹಿತಿಯೇ ಎಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ ಆ ಷರತ್ತುಗಳನ್ನೆಲ್ಲ ಅಳಿಸಿ, ಮಾಹಿತಿಯು ವೈಯಕ್ತಿಕವಾಗಿದ್ದರೆ ಸಾಕು ಎಂಬ ಒಂದೇ ಕಾರಣವನ್ನು ಉಳಿಸಿತು. ನನ್ನ ದೃಷ್ಟಿಯಲ್ಲಿ ಇದು ಖಾಸಗಿತನದ ರಕ್ಷಣೆಗಿಂತ ಹೆಚ್ಚಾಗಿ ನಿರಾಕರಣೆಗೆ ಸಿಕ್ಕ ಸುಲಭ ದಾರಿ. ಆದರೂ 8(2)ನೇ ಕಲಂ ಹಾಗೆಯೇ ಇದ್ದು, ಸಾರ್ವಜನಿಕ ಹಿತಾಸಕ್ತಿಯು ಸಂಭವನೀಯ ಹಾನಿಗಿಂತ ಮಿಗಿಲಾಗಿದ್ದರೆ ಮಾಹಿತಿ ಕೊಡಬಹುದಾದ್ದರಿಂದ, ಕಡ್ಡಾಯವಲ್ಲದಿದ್ದರೂ ಅರ್ಜಿಯಲ್ಲಿ ಆ ಹಿತವೇನೆಂದು ವಿವರಿಸುವುದು ಒಳ್ಳೆಯದು. ಅಂದಹಾಗೆ, ಮಾಸಿಕ ವೇತನವನ್ನು 4ನೇ ಕಲಮಿನಂತೆ ಕಚೇರಿಯೇ ಪ್ರಕಟಿಸಬೇಕು.