ಚೀಲದಲ್ಲಿ ಒಯ್ಯುವ ಮರದ ಮಾದರಿಗಳು

ಪ್ರಶ್ನೆ: ತೀರ್ಥಹಳ್ಳಿಯ ಬಳಿ ನಾನು ಮರಗೆಲಸದ ಸಣ್ಣ ಕಾರ್ಖಾನೆ ನಡೆಸುತ್ತಿದ್ದೇನೆ. ಬಾಗಿಲು, ಮಂಚ, ದೇವರ ಮಂಟಪ ಮಾಡಿಸುವವರು ಹೆಚ್ಚಾಗಿ ಶಿವಮೊಗ್ಗ ಮತ್ತು ಬೆಂಗಳೂರಿನವರು. ಮೊಬೈಲಿನ ಫೋಟೊದಲ್ಲಿ ಮರದ ಬಣ್ಣ ಸರಿಯಾಗಿ ತಿಳಿಯದೆ, ಕೆಲಸ ಮುಗಿದ ಮೇಲೆ ‘ನಾವು ಅಂದುಕೊಂಡದ್ದು ಈ ಬಣ್ಣವಲ್ಲ’ ಎಂಬ ಮಾತು ಬರುತ್ತದೆ. ಬಸ್ಸಿನಲ್ಲಿ ಒಯ್ಯಬಹುದಾದ ಮಾದರಿ ತುಂಡುಗಳನ್ನು ಹೇಗೆ ಮಾಡಿಕೊಳ್ಳಬೇಕು?
– ಓದುಗರೊಬ್ಬರು, ಶಿವಮೊಗ್ಗ ಜಿಲ್ಲೆ

ಉತ್ತರ: ಮಾನ್ಯರೇ, 6 ಇಂಚು ಉದ್ದ, 3 ಇಂಚು ಅಗಲ, ಅರ್ಧ ಇಂಚು ದಪ್ಪದ ತುಂಡು ಈ ಕೆಲಸಕ್ಕೆ ಹೊಂದುತ್ತದೆ. ಬೆಂಕಿಪೊಟ್ಟಣದಷ್ಟು ಚಿಕ್ಕದಾದರೆ ಬಣ್ಣ ಕಂಡೀತು, ಮರದ ಗೆರೆ ಕಾಣುವುದಿಲ್ಲ. ಈ ಅಳತೆಯ ಒಂದು ತೇಗದ ತುಂಡು ಸುಮಾರು 100 ಗ್ರಾಂ ತೂಗುತ್ತದೆ; ಮತ್ತಿ, ಹೊನ್ನೆ ಸ್ವಲ್ಪ ಹೆಚ್ಚು ತೂಗುತ್ತವೆ. ಹತ್ತು ತುಂಡುಗಳಿಗೆ ಒಂದು ಕಿಲೋ ಚಿಲ್ಲರೆಯಷ್ಟು ಭಾರವಾದೀತು. ಮರ ಚೆನ್ನಾಗಿ ಒಣಗಿರಲಿ, ಏಕೆಂದರೆ ಹಸಿಮರದ ತೆಳು ತುಂಡು ಕೆಲವೇ ವಾರಗಳಲ್ಲಿ ಬಾಗುತ್ತದೆ, ಮತ್ತು ಬಾಗಿದ ಮಾದರಿಯನ್ನು ಕೈಗೆ ಕೊಟ್ಟ ಮೇಲೆ ನಿಮ್ಮ ಬಾಗಿಲು ಬಾಗುವುದಿಲ್ಲವೆಂದು ಯಾರನ್ನೂ ನಂಬಿಸಲಾಗದು.

ದಾಸ್ತಾನಿನಲ್ಲಿರುವ ಅತ್ಯಂತ ಸುಂದರವಾದ ಹಲಗೆಯಿಂದ ಮಾದರಿ ಕತ್ತರಿಸಬೇಡಿ. ನೀವು ನಿತ್ಯ ಬಳಸುವ ಸಾಧಾರಣ ಹಲಗೆಯಿಂದಲೇ ತೆಗೆಯಿರಿ. ಸಾಧ್ಯವಾದರೆ ಒಂದೇ ಮರಕ್ಕೆ ಎರಡು ತುಂಡುಗಳಿರಲಿ, ಒಂದರಲ್ಲಿ ನೇರ ಗೆರೆ, ಇನ್ನೊಂದರಲ್ಲಿ ಚಿಕ್ಕ ಗಂಟು ಅಥವಾ ಅಂಚಿನಲ್ಲಿ ಚೇಗಿನ (ಮರದ ಗಟ್ಟಿಯಾದ ಒಳಭಾಗದ) ಹೊರಗಿನ ಬಿಳಿ ಭಾಗ. ಗಂಟನ್ನು ಮೊದಲೇ ನೋಡಿದವರು ಆಮೇಲೆ ಅದನ್ನು ದೋಷವೆಂದು ದೂರುವುದು ಅಪರೂಪ.

ಪಾಲಿಶ್ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಮಾದರಿಯನ್ನು 400ರ ಉಪ್ಪುಕಾಗದದಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಉಜ್ಜಿ, ಬಾಗಿಲನ್ನು 180ಕ್ಕೇ ನಿಲ್ಲಿಸಿದರೆ, ಒಂದೇ ಡಬ್ಬದ ಬಣ್ಣವೂ ಬಾಗಿಲಿನ ಮೇಲೆ ಗಾಢವಾಗಿ ಕಾಣುತ್ತದೆ. ಒರಟು ಮೈ ಬಣ್ಣವನ್ನು ಹೆಚ್ಚು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ. ಆದ್ದರಿಂದ ಕೆಲಸದಲ್ಲಿ ಅನುಸರಿಸುವ ಕ್ರಮವನ್ನೇ, ಅಷ್ಟೇ ಕೋಟುಗಳನ್ನೇ ಮಾದರಿಗೂ ಅನುಸರಿಸಬೇಕು. ತುಂಡಿನ ಉದ್ದವನ್ನು ಮಾಸ್ಕಿಂಗ್ ಟೇಪಿನಿಂದ ಮೂರು ಭಾಗ ಮಾಡಿ, ಮೊದಲನೆಯದನ್ನು ಬರೀ ಮರವಾಗಿ ಬಿಟ್ಟು, ಎರಡನೆಯದಕ್ಕೆ ಸೀಲರ್ (ಮರದ ರಂಧ್ರ ಮುಚ್ಚುವ ಮೊದಲ ಲೇಪ) ಮಾತ್ರ ಹಚ್ಚಿ, ಮೂರನೆಯದರಲ್ಲಿ ಮೆಲಮೈನ್, ಪಿಯು (ಪಾಲಿಯುರೆಥೇನ್) ಅಥವಾ ಅರಗಿನ ಪಾಲಿಶನ್ನು ಪೂರ್ತಿಗೊಳಿಸಿದರೆ, ಗಿರಾಕಿಗೆ ನೀವು ಹಣ ಕೇಳುತ್ತಿರುವ ಕೆಲಸವೇನೆಂಬುದು ಕಣ್ಣಿಗೇ ತಿಳಿಯುತ್ತದೆ. ಕನಿಷ್ಠ ಒಂದು ವಾರ ಒಣಗಿಸಿದ ನಂತರವೇ, ಪ್ಲಾಸ್ಟಿಕ್ ಬೇಡ, ಹತ್ತಿಬಟ್ಟೆಯಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ಸುತ್ತಿಡಿ.

ಬೆಳಕಿಗೆ ಮರದ ಬಣ್ಣ ಬದಲಾಗುತ್ತದೆ ಎಂಬುದನ್ನು ನಾನು ಕಷ್ಟಪಟ್ಟು ಕಲಿತೆ. ಆಗತಾನೆ ಕೀಸಿದ ಹಲಸಿನ ತುಂಡೊಂದನ್ನು ತೋರಿಸಿ ಪೂಜಾಕೋಣೆಯ ಬಾಗಿಲು ಒಪ್ಪಿಸಿದ್ದೆ. ಆ ಹೊನ್ನಿನಂಥ ಹಳದಿ ವರ್ಷ ಕಳೆಯುವಷ್ಟರಲ್ಲಿ ಕಂದು ಬಣ್ಣಕ್ಕೆ ತಿರುಗಿದಾಗ, ಮನೆಯೊಡತಿ ಬೇರೆ ಮರ ಹಾಕಿರುವಿರಾ ಎಂದು ಬಹಳ ನೋವಿನಿಂದ ಕೇಳಿದರು. ಮರ ಅದೇ ಆಗಿತ್ತು. ತಿಳಿಸದೆ ಹೋದದ್ದು ನನ್ನ ತಪ್ಪು. ಈಗ ಹಲಸಿನ ಹೊಸ ತುಂಡಿನ ಜೊತೆಗೆ, ಅರ್ಧಭಾಗಕ್ಕೆ ಕಪ್ಪು ಕಾಗದ ಸುತ್ತಿ ಹಲವು ತಿಂಗಳು ಕಿಟಕಿಯಲ್ಲಿಟ್ಟ ಇನ್ನೊಂದನ್ನೂ ಒಯ್ಯುತ್ತೇನೆ. ತೇಗಕ್ಕೂ ಇದನ್ನೇ ಮಾಡಿರಿ: ಹೊಸದಾಗಿ ಕೊಯ್ದಾಗ ಕಾಣುವ ಹಸಿರು ಛಾಯೆ, ಬಣ್ಣದ ಏರುಪೇರು ಬೆಳಕಿನಲ್ಲಿ ಮಾಗಿ ಹೊಂಗಂದು ಆಗುತ್ತದೆ. ಆಯ್ಕೆಯನ್ನು ಹಗಲಿನಲ್ಲಿ, ಆ ವಸ್ತು ನಿಲ್ಲುವ ಜಾಗದಲ್ಲಿಯೇ ಮಾಡಿಸಿರಿ.

ಪ್ರತಿ ತುಂಡಿನ ಹಿಂಬದಿಯಲ್ಲಿ ಮರದ ಹೆಸರು, ಪಾಲಿಶಿನ ಬಗೆ, ಕೋಟುಗಳ ಸಂಖ್ಯೆ, ಮಾಡಿದ ತಿಂಗಳು ಬರೆದಿಡಿ. ‘ಆಫ್ರಿಕನ್ ತೇಗ’ ಎಂದು ಮಾರುವ ಮರ ಹಲವು ಬಾರಿ ನಮ್ಮ ತೇಗದ ಜಾತಿಯದಾಗಿರುವುದಿಲ್ಲ. ಅಂಥದ್ದನ್ನು ಬರೀ ‘ತೇಗ’ ಎಂದು ಬರೆಯುವುದು ಸಲ್ಲದು. ಮರದ ಗುರುತಿನ ಬಗ್ಗೆ ಸಂದೇಹವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯನ್ನು ಕೇಳಬಹುದು.

ಕೊನೆಯದಾಗಿ, ಗಿರಾಕಿ ಒಪ್ಪಿದ ಬಣ್ಣದ ತುಂಡನ್ನು ಉದ್ದಕ್ಕೆ ಎರಡಾಗಿ ಸೀಳಿ, ಎರಡರ ಹಿಂದೆಯೂ ಅವರ ಸಹಿ ಮತ್ತು ದಿನಾಂಕ ಹಾಕಿಸಿ, ಒಂದನ್ನು ಅವರಲ್ಲಿ ಬಿಟ್ಟು ಇನ್ನೊಂದನ್ನು ಪಾಲಿಶ್ ಮಾಡುವವರ ಕಣ್ಣೆದುರಿಗೆ ತೂಗುಹಾಕಿರಿ.