1 ಕೆಬಿ ಮೆಮೊರಿಯಲ್ಲಿ ಏನು ಮಾಡುತ್ತಿದ್ದರು?

ಪ್ರಶ್ನೆ: ಅಟ್ಟ ಗುಡಿಸುವಾಗ ‘ಸಿಂಕ್ಲೇರ್ ಜೆಡ್‌ಎಕ್ಸ್81’ ಎಂದು ಬರೆದಿರುವ ಪುಟ್ಟ ಕಪ್ಪು ಪೆಟ್ಟಿಗೆ ಸಿಕ್ಕಿತು. 1983ರಲ್ಲಿ ನಮ್ಮ ಸೋದರಮಾವ ಇಂಗ್ಲೆಂಡಿನಿಂದ ತಂದ ಕಂಪ್ಯೂಟರಂತೆ. ಮೆಮೊರಿ ಬರೀ 1 ಕೆಬಿ ಅಂತಾರೆ. ಅಷ್ಟರಲ್ಲಿ ಏನಾಗುತ್ತಿತ್ತು? ಈಗ ಆನ್ ಮಾಡಬಹುದಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಒಂದು ಮಾತು, ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ.

ಇದು 1981ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲಿ ಬಂತು. ಬೆಲೆ 69.95 ಪೌಂಡ್. ಬಿಡಿಭಾಗ ತರಿಸಿ ನೀವೇ ಬೆಸುಗೆ ಹಾಕಿಕೊಂಡರೆ 49.95. ಅದೇ ವರ್ಷದ ಕೊನೆಗೆ ಬಂದ ಬಿಬಿಸಿ ಮೈಕ್ರೋ ಕಂಪ್ಯೂಟರ್ 235 ಪೌಂಡಿನಿಂದ ಶುರುವಾಗುತ್ತಿತ್ತು. ವ್ಯತ್ಯಾಸ ನೋಡಿ!

ಇಷ್ಟು ಅಗ್ಗವಾಗಿದ್ದು ಚಿಪ್ ಉಳಿಸಿದ್ದರಿಂದ. ಹಿಂದಿನ ಜೆಡ್‌ಎಕ್ಸ್80ರಲ್ಲಿ 21 ಚಿಪ್ ಇದ್ದವು, ಇದರಲ್ಲಿ ನಾಲ್ಕೋ ಐದೋ ಅಷ್ಟೇ. ಟಿವಿಗೆ ಚಿತ್ರ ಕಳಿಸುವ ಕೆಲಸವನ್ನೂ ಮುಖ್ಯ ಪ್ರೊಸೆಸರ್ ಆದ ಜೆಡ್80 ತಾನೇ ಮಾಡಬೇಕು. ಅದಕ್ಕೇ ‘ಫಾಸ್ಟ್’ ಎಂಬ ಆಜ್ಞೆ ಕೊಟ್ಟರೆ ಲೆಕ್ಕ ಮುಗಿಯುವವರೆಗೆ ಪರದೆ ಖಾಲಿ. ‘ಸ್ಲೋ’ ಎಂದರೆ ಚಿತ್ರ ಇರುತ್ತದೆ, ವೇಗ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಬಣ್ಣವೂ ಇಲ್ಲ, ಸದ್ದೂ ಇಲ್ಲ.

ಇನ್ನು ಆ 1 ಕೆಬಿ. ಅಂದರೆ 1,024 ಬೈಟ್; ಒಂದು ಬೈಟ್ ಎಂದರೆ ಒಂದು ಅಕ್ಷರ ಹಿಡಿಯುವಷ್ಟು ಜಾಗ. ಯಂತ್ರದ ಸ್ವಂತ ಲೆಕ್ಕಪತ್ರಕ್ಕೇ 125 ಬೈಟ್ ಹೋಗುತ್ತದೆ. ಪರದೆ ತುಂಬ ಅಕ್ಷರ ಬರೆದರೆ 793. ಉಳಿಯುವುದು 106! ಹಾಗಾಗಿ ಖಾಲಿ ಸಾಲಿಗೆ ಒಂದೇ ಬೈಟ್ ಇಟ್ಟು, ಬರೆದಷ್ಟೇ ಜಾಗ ಕೊಡುವ ಉಪಾಯ ಮಾಡಿದ್ದರು.

ಪ್ರೋಗ್ರಾಂ ಬರೆಯುವವರು ಅದಕ್ಕಿಂತ ಜಾಣರು. ಬೇಸಿಕ್ ಭಾಷೆಯಲ್ಲಿ ಸುಮ್ನೆ ‘0’ ಎಂದು ಬರೆದರೆ ಇಲ್ಲಿ ಏಳು ಬೈಟ್ ಖರ್ಚು. ಅದರ ಬದಲು ‘ನಾಟ್ ಪೈ’ ಎಂದರೆ ಪದಕ್ಕೊಂದರಂತೆ ಎರಡೇ ಬೈಟ್. ಸೊನ್ನೆಯಲ್ಲದ ಸಂಖ್ಯೆಗೆ ‘ನಾಟ್’ ಹಾಕಿದರೆ ಸೊನ್ನೆ ಬರುತ್ತದೆ; ಪೈ ಸೊನ್ನೆ ಅಲ್ಲವಲ್ಲ, ಹಾಗಾಗಿ ‘ನಾಟ್ ಪೈ’ ಅಂದರೆ ಸೊನ್ನೆ. ಒಂದು ಬೇಕಾದರೆ ‘ಎಸ್‌ಜಿಎನ್ ಪೈ’ (ಧನ ಸಂಖ್ಯೆಗೆ 1 ಕೊಡುವ ಆಜ್ಞೆ), ಮೂರಕ್ಕೆ ‘ಇಂಟ್ ಪೈ’ (ದಶಮಾಂಶ ಕತ್ತರಿಸುವ ಆಜ್ಞೆ). ಹೀಗೆ ಒಂದೊಂದೇ ಬೈಟ್ ಕೂಡಿಡುತ್ತಿದ್ದರು. ಈ ಪೆಟ್ಟಿಗೆಗೆಂದೇ ಮೆಷಿನ್ ಕೋಡ್‌ನಲ್ಲಿ, ಅಂದರೆ ಪ್ರೊಸೆಸರ್ ನೇರವಾಗಿ ಓದುವ ಸಂಕೇತಗಳಲ್ಲಿ, 672 ಬೈಟ್‌ನ ಚೆಸ್ ಆಟವೂ ಬಂತು. ಕೋಟೆ ಕಟ್ಟುವ ನಡೆಯಂಥ ಕೆಲವು ನಿಯಮ ಬಿಟ್ಟಿದ್ದರು ನಿಜ, ಆದರೂ ಎದುರಾಳಿಯಾಗಿ ಆಡುತ್ತಿತ್ತು. ನನಗಂತೂ ಇದು ಈಗಲೂ ಬೆರಗು.

ಆನ್ ಮಾಡಬಹುದು, ಆದರೆ ಅವಸರ ಬೇಡ. ಹಳೇ ಅಡಾಪ್ಟರ್ ನಂಬಬೇಡಿ. 9 ವೋಲ್ಟ್ ಡಿಸಿ, ಪಿನ್ನಿನ ತುದಿ ಪ್ಲಸ್ ಇರುವ ಹೊಸದನ್ನು ಮಲ್ಟಿಮೀಟರ್‌ನಲ್ಲಿ ನೋಡಿಯೇ ಹಾಕಿ. ಹಿಂದೆ 16 ಕೆಬಿ ಮೆಮೊರಿ ಪ್ಯಾಕ್ ಸಿಕ್ಕಿಸಿದ್ದರೆ ತೆಗೆದಿಡಿ. ಅದು ಚೂರು ಅಲುಗಾಡಿದರೂ ಯಂತ್ರ ನಿಂತುಹೋಗುವುದು ಆಗಿನಿಂದಲೂ ಇರುವ ತೊಂದರೆ. ಹಳೇ ಟಿವಿಯಲ್ಲಿ ಯುಎಚ್‌ಎಫ್ 36ನೇ ಚಾನೆಲ್ ಹುಡುಕಿ. ಸ್ವಿಚ್ ಹುಡುಕಬೇಡಿ, ಇಲ್ಲ. ಪಿನ್ ಚುಚ್ಚಿದರೆ ಆನ್.

ಕೆಳಗೆ ಎಡಮೂಲೆಯಲ್ಲಿ ಕಪ್ಪು ಚೌಕದೊಳಗೆ ಬಿಳಿ ‘ಕೆ’ ಕಂಡರೆ ಜೀವ ಇದೆ ಎಂದರ್ಥ. ಆಗ ‘ಪಿ’ ಒತ್ತಿ. ಒಂದೇ ಒತ್ತಿಗೆ ‘ಪ್ರಿಂಟ್’ ಎಂಬ ಇಡೀ ಪದ ಮೂಡಬೇಕು. ಮೂಡದಿದ್ದರೆ ಕೀಬೋರ್ಡಿನ ರಿಬ್ಬನ್ ಒಣಗಿ ಸೀಳಿರಬಹುದು. ಹೊಸ ಕೀಬೋರ್ಡ್ ಹಾಳೆ ಇವತ್ತಿಗೂ ಮಾಡಿ ಮಾರುವವರಿದ್ದಾರೆ, ತರಿಸಿಕೊಳ್ಳಿ.